ನಾಲ್ಕು ಗಂಟೆಯ ಸದ್ದು

ಕಂತು ಹನ್ನೊಂದು

"ಈಗ ಕೇಳಿ ಮೇಡಂ," ಎಂದಳು ಮೇಷ್ಟ್ರ ಮಗಳು, ಕಾರಿನ ಡ್ರೈವರ್ ಸೀಟಿನಿಂದ. "ಕಿವಿಯಲ್ಲಲ್ಲ, ಎದೆಯಲ್ಲಿ ಕೇಳಿ."

ಕೇಳಿದೆ. ಹಾಡಿತ್ತು, ತಾಳವಿತ್ತು, ಯಾರೋ ಹೆಂಗಸಿನ ದನಿಯಿತ್ತು. ಎದೆಯಲ್ಲಿ ಮಾತ್ರ ಏನೂ ಆಗಲಿಲ್ಲ. ತೆರೆದ ಡಿಕ್ಕಿಯಲ್ಲಿ ಎರಡು ದಪ್ಪ ವೂಫರ್ ಪೆಟ್ಟಿಗೆಗಳು ಅಕ್ಕಪಕ್ಕ ಕೂತು, ಜ್ವರ ಬಂದವರ ಹಾಗೆ ಮೈ ಅದುರಿಸುತ್ತಿದ್ದವು. ಬೆರಳಿಟ್ಟರೆ ಬೆರಳು ಜುಮ್ಮೆನ್ನುತ್ತಿತ್ತು. ಆದರೆ ಅವುಗಳಿಂದ ಗುಮ್ಮೆನ್ನುವ ಸದ್ದು ಮಾತ್ರ ಬರುತ್ತಿರಲಿಲ್ಲ.

ಮಂಗಳವಾರ ಸಂಜೆ ಇದೇ ಕಾರಿನ ಹಿಂದೆ, ಇಳಿಸಿದ ಶಟರಿನೊಳಗೆ, ಎಂಜಿನ್ನಿನ ಹೊಗೆ ಕುಡಿದು ಮೇಷ್ಟ್ರು ಸತ್ತುಬಿದ್ದಿದ್ದರು. ಶಾಲೆಯ ಮೇಷ್ಟ್ರಲ್ಲ. ಕಾರುಗಳಿಗೆ ಸ್ಪೀಕರ್ ಕೂರಿಸುವವರು. ಕೈಕೆಳಗೆ ಕಲಿತವರು ಇಟ್ಟ ಹೆಸರು ಅದು. ಇವತ್ತು ಶುಕ್ರವಾರ. ಅವರ ಭಾಮೈದ, ಅಂದರೆ ತಂಗಿಯ ಗಂಡ, ನಿನ್ನೆ ಸಂಜೆಯಿಂದ ನನ್ನ ಲಾಕಪ್ಪಿನಲ್ಲಿದ್ದ. ನಾಲ್ಕು ಗಂಟೆಯೊಳಗೆ ಆತನನ್ನು ಕೊಲೆಗಾರನೆಂದು ಕೋರ್ಟಿಗೆ ಕಳಿಸಬೇಕು, ಇಲ್ಲವೇ ಮನೆಗೆ ಕಳಿಸಬೇಕು. ಆಗ ಒಂದೂವರೆ.

"ಈಗ ಎಡಗಡೆ ಪೆಟ್ಟಿಗೆ ಹಿಂದೆ ಕೈ ಹಾಕಿ," ಎಂದಳು. "ಟೇಪ್ ಸುತ್ತಿದೆ ನೋಡಿ. ಬಿಚ್ಚಿ. ನಾನೇ ಮಾಡ್ತಿದ್ದೆ, ನೀವು ಮುಟ್ಟಬೇಡ ಅಂತೀರಿ."

"ಸಾಕ್ಷಿಯ ಸಾಮಾನಮ್ಮ. ನೀನು ಅಲ್ಲೇ ಕೂತಿರು."

ಡಿಕ್ಕಿಯೊಳಗೆ ಬಗ್ಗಿದ ಕೂಡಲೇ ಕನ್ನಡಕ ಜಾರಿತು. ಎಡಗಡೆಯ ಕಡ್ಡಿ ವಾರದಿಂದ ಸಡಿಲ. ಅಂಗಡಿಗೆ ಕೊಡಬೇಕೆಂದುಕೊಳ್ಳುತ್ತೇನೆ, ಅಷ್ಟರಲ್ಲಿ ಯಾರಾದರೂ ಸತ್ತಿರುತ್ತಾರೆ.

"ಕೊಡಿ ಮೇಡಂ, ಕಟ್ಟಿಕೊಡ್ತೀನಿ."

"ಆಮೇಲೆ."

ಕಪ್ಪು ಟೇಪಿನ ತುದಿಯನ್ನು ಯಾರೋ ಒಳಕ್ಕೆ ಮಡಚಿ, ಹಿಡಿಯಲು ಅನುಕೂಲವಾಗುವಂತೆ ಬಿಟ್ಟಿದ್ದರು. ಉಗುರು ಹಾಕಿ ಕೆರೆಯಬೇಕಾಗಲಿಲ್ಲ. ಹಿಡಿದೆಳೆದರೆ ಬಿಚ್ಚಿಕೊಂಡು ಬಂತು. ಒಳ್ಳೆಯ ಕೆಲಸಗಾರ, ಅಂದುಕೊಂಡೆ. ಟೇಪನ್ನು ಕಾಗದದ ಕವರಿಗೆ ಹಾಕಿ ಚೀಲದಲ್ಲಿಟ್ಟೆ.

ಒಳಗೆ ಎರಡು ತಂತಿ. ಕೆಂಪು ತಂತಿ ಕಪ್ಪು ಸ್ಕ್ರೂವಿನ ಕೆಳಗಿತ್ತು, ಕಪ್ಪು ತಂತಿ ಕೆಂಪಿನ ಕೆಳಗೆ. ಬುಧವಾರ ಬೆಳಿಗ್ಗೆ ನಮ್ಮ ಫೋಟೋದವನು ತೆಗೆದ ಚಿತ್ರದಲ್ಲೂ ಹೀಗೇ ಇತ್ತು. ಅದಲುಬದಲು ಮಾಡಿ ಸ್ಕ್ರೂ ಬಿಗಿದೆ.

"ಆಯ್ತು."

ಅವಳು ಅದೇ ಹಾಡು ಹಾಕಿದಳು.

ನೆಲ ಕಾಲಿನೊಳಕ್ಕೆ ಹತ್ತಿದ ಹಾಗಾಯಿತು. ಅರ್ಧ ಇಳಿಸಿದ್ದ ಶಟರು ಗಡಗಡನೆ ನಡುಗಿತು. ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿದ್ದ, ನಟ್ಟು ಬಿಗಿಯುವ ಪಾನಾಗಳು ಒಂದಕ್ಕೊಂದು ಬಡಿದುಕೊಂಡವು. ನನ್ನ ಹಲ್ಲು ಕೂಡ. ಕೈ ಬೀಸಿ ನಿಲ್ಲಿಸಲು ಹೇಳಿದೆ.

ನಿಂತ ಮೇಲೆ ಉಳಿದ ಮೌನ ಮೊದಲಿನದಲ್ಲ ಅನ್ನಿಸಿತು.

"ತಂತಿ ಉಲ್ಟಾ ಇದ್ರೆ," ಅವಳು ಇಳಿದು ಬಂದು ಎರಡು ಅಂಗೈ ಎದುರುಬದುರು ಹಿಡಿದಳು, "ಇದು ಹೊರಗೆ ಬಂದಾಗ ಅದು ಒಳಗೆ ಹೋಗುತ್ತೆ. ಇದು ತಳ್ಳಿದ ಗಾಳೀನ ಅದು ಎಳ್ಕೊಂಡುಬಿಡುತ್ತೆ. ಎರಡೂ ದುಡೀತಾನೇ ಇರುತ್ತವೆ. ಹೊರಗಿನೋರಿಗೆ ಏನೂ ಕೇಳಿಸಲ್ಲ."

ಅಂಥ ಮನೆಗಳನ್ನು ನಾನು ಬಹಳ ನೋಡಿದ್ದೇನೆ.

"ನಿಮ್ಮಪ್ಪ ಬೇಕಂತಲೇ ಹಾಗೆ ಕೊಡ್ತಿದ್ರು ಅಂದೆಯಲ್ಲ."

"ಪ್ರತಿ ಗಾಡಿಗೂ. ಗಾಡಿಯವರು ಬರೋ ತನಕ ಒಂದು ಪೆಟ್ಟಿಗೆ ಉಲ್ಟಾ. ಬಂದು ಸೀಟಲ್ಲಿ ಕೂತು ಹಾಡು ಹಾಕಿ, 'ಇದೇನ್ರೀ, ಏನೂ ಇಲ್ವಲ್ಲ' ಅಂತ ಮುಖ ಸಪ್ಪೆ ಮಾಡ್ಕೋಬೇಕು. ಆಗ ಅಪ್ಪ ಹಿಂದೆ ಹೋಗಿ ತಂತಿ ಸರಿ ಮಾಡೋರು. ಒಂದೇ ನಿಮಿಷ. ಗುಮ್! ಆ ಮುಖ ನೋಡೋಕೇ ಈ ಕೆಲಸ ಮಾಡೋದು ಅಂತಿದ್ರು." ನಕ್ಕಳು. ನಗು ಅರ್ಧಕ್ಕೇ ಆರಿಹೋಯಿತು. "ಹತ್ತು ವರ್ಷ ಆಯ್ತು ನಾನು ಇಲ್ಲಿ ಕೆಲಸ ಹಿಡಿದು. ಆಂಪ್ಲಿಫೈಯರ್ ಕೂರಿಸ್ತೀನಿ, ಬ್ಯಾಟರಿಯಿಂದ ತಂತಿ ಎಳೀತೀನಿ, ಫ್ಯೂಸ್ ಹಾಕ್ತೀನಿ. ಆ ಕೊನೇ ತಂತಿ ಮಾತ್ರ ನನ್ ಕೈಗೆ ಕೊಡ್ಲಿಲ್ಲ ಮಹಾರಾಯ."

"ಈ ಸಂಗತಿ ಯಾರ್ಯಾರಿಗೆ ಗೊತ್ತು?"

"ಅಪ್ಪನಿಗೆ. ಮಾವನಿಗೆ. ನನಗೆ. ಮನೇಲಿ ಅತ್ತೆಗೂ ಗೊತ್ತಿಲ್ಲ."

ಈ ಕಾರು ಹಲ್ಲಿನ ಡಾಕ್ಟರದ್ದು. ಮಂಗಳವಾರ ಆರು ಗಂಟೆಗೆ ಬರಬೇಕಿದ್ದವರು, ಅಲ್ಲಿಯವರೆಗೂ ಯಾರದೋ ದವಡೆಯಲ್ಲಿ ಕೈಯಿಟ್ಟುಕೊಂಡಿದ್ದರು. ವಿಚಾರಿಸಿ ಆಗಿತ್ತು. ಅವರು ಬಂದಿಲ್ಲ, ಆದ್ದರಿಂದ ತಂತಿ ಉಲ್ಟಾ. ತಂತಿ ಉಲ್ಟಾ, ಆದ್ದರಿಂದ ಆ ಮಧ್ಯಾಹ್ನ ಈ ಕಾರಿನಿಂದ ಗುಮ್ಮೆನ್ನುವ ಸದ್ದು ಬಂದಿರಲು ಸಾಧ್ಯವಿಲ್ಲ.

ಆದರೆ ಭಾಮೈದ ನಾಲ್ಕು ಗಂಟೆಗೆ ಆ ಸದ್ದು ಕೇಳಿದೆ ಎಂದು ಹೇಳಿಕೆ ಕೊಟ್ಟಿದ್ದ. ಆತನನ್ನು ಉಳಿಸುವುದು ಅದೊಂದೇ.

"ಮಾವ ಸುಳ್ಳು ಹೇಳ್ತಿದಾರೆ ಮೇಡಂ," ಎಂದಳು, ನೆಲ ನೋಡುತ್ತ. "ಇನ್ನೇನು ಬೇಕು ನಿಮಗೆ?"

ಹೊರಡುವಾಗ ಗೋಡೆಯ ಮೊಳೆ ನೋಡಿದೆ. ಕಾರಿನ ಹೊಗೆಯನ್ನು ಹೊರಗೆ ಸಾಗಿಸುವ ರಬ್ಬರ್ ಪೈಪು ಮಂಗಳವಾರ ಅಲ್ಲಿ ಸುರುಳಿ ಸುತ್ತಿ ತೂಗುಹಾಕಿತ್ತು. ಎಂಜಿನ್ ಮಾತ್ರ ಓಡುತ್ತಿತ್ತು. ಮೊದಲ ದಿನ ಎಲ್ಲರೂ ಅಪಘಾತವೆಂದುಕೊಂಡು, ಬೀಗ ಕೂಡ ಹಾಕದೆ ಹೋಗಿದ್ದರು. ಆ ಪೈಪು ಕಂಡಮೇಲೇ ಬುಧವಾರ ಇದು ನನ್ನ ಮೇಜಿಗೆ ಬಂದದ್ದು.

*

ಸ್ಟೇಷನ್ನಿನ ಬೆಂಚಿನ ಮೇಲೆ ಭಾಮೈದನ ಹೆಂಡತಿ ಕೂತಿದ್ದಳು, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು. ನಿನ್ನೆಯದೇ ಸೀರೆ. ನನ್ನನ್ನು ನೋಡಿ ಏಳಲು ಹೋಗಿ, ಏಳಲಾಗದೆ ಕೂತಳು.

"ಅಣ್ಣನಿಗೋಸ್ಕರ ಅಳೋಣ ಅಂದ್ರೆ ಇವರ ಚಿಂತೆ. ಇವರ ಚಿಂತೆ ಮಾಡೋಣ ಅಂದ್ರೆ ಅಣ್ಣ ಕಣ್ಮುಂದೆ ಬರ್ತಾನೆ," ಎಂದಳು. "ಯಾವುದಾದರೂ ಒಂದನ್ನ ಮುಗಿಸಿಕೊಡಿ ಮೇಡಂ."

ಡಬ್ಬಿ ಒಳಗೆ ಕಳಿಸಲು ದಫೇದಾರರಿಗೆ ಹೇಳಿದೆ.

ಭಾಮೈದ ಉದ್ದನೆಯ ಆಳು. ಲಾಕಪ್ಪಿನ ಪಕ್ಕದ ಕೋಣೆಗೆ ತಲೆ ಬಗ್ಗಿಸಿ ಬಂದ. ಬಲಗೈಯ ತೋರುಬೆರಳಿಗೆ ಕೊಳೆಯಾದ ಬ್ಯಾಂಡೇಜು.

"ಕೂತ್ಕೊಳ್ಳಿ."

"ನಿನ್ನೆಯಿಂದ ಕೂತೇ ಇದ್ದೀನಿ. ಸ್ವಲ್ಪ ನಿಲ್ಲೋಕೆ ಬಿಡಿ."

"ಮಂಗಳವಾರ ಏನಾಯ್ತು ಹೇಳಿ."

"ಇದು ಏಳನೇ ಸಲ. ಎಂಟನೇ ಸಲಕ್ಕೆ ನೀವೇ ಹೇಳಿಬಿಡಿ, ನಾನು ತಪ್ಪಿದ್ರೆ ತಿದ್ದುತೀನಿ." ಗೋಡೆಗೆ ಒರಗಿದ. "ಮೂರೂವರೆಗೆ ವರ್ಕ್‌ಶಾಪ್ ಬಿಟ್ಟೆ. ಹುಡುಗಿ ಆಗಲೇ ತಂತಿ ತರೋಕೆ ಹೋಗಿದ್ಲು. ಭಾವ ಒಬ್ರೇ ಇದ್ರು. ಶಟರ್ ಎತ್ತಿತ್ತು, ಎಂಜಿನ್ ಆಫ್ ಇತ್ತು. ಹಿಂದುಗಡೆ ಬೀದಿಗೆ ಹೋಗಿ ಚಹಾ ಅಂಗಡೀಲಿ ಕೂತೆ. ಐದೂವರೆಗೆ ಹುಡುಗಿ ಕಿರುಚಿದ್ದು ಕೇಳೋ ತನಕ ಅಲ್ಲೇ ಇದ್ದೆ."

"ಎರಡು ಗಂಟೆ ಚಹಾ?"

"ಭಾವನ ಜೊತೆ ಮಾತು ಬಿಟ್ಟಿದ್ದೆ. ಬೋರ್ಡಿನ ಮೇಲೆ ನನ್ನ ಹೆಸರೂ ಸೇರಿಸಿ ಅಂತ ಹದಿನಾಲ್ಕು ವರ್ಷದಿಂದ ಕೇಳ್ತಿದ್ದೆ. ಅವತ್ತು ಬೆಳಿಗ್ಗೆ, 'ಬೋರ್ಡು ಚಿಕ್ಕದು ಕಣೋ' ಅಂದ್ರು. ಬೋರ್ಡು ನೋಡಿದ್ದೀರಲ್ಲ, ಮಂಚದಷ್ಟಿದೆ."

"ನಾಲ್ಕು ಗಂಟೆಗೆ?"

"ಗೋಡೆ ಗುಮ್ ಅಂತು. ಆ ಅಂಗಡಿಗೂ ನಮಗೂ ಒಂದೇ ಗೋಡೆ. ಭಾವ ಹಾಡು ಹಾಕಿದ್ರು. ಅರ್ಧ ಹಾಡು ಇರಬಹುದು, ಆಮೇಲೆ ನಿಂತುಹೋಯ್ತು."

ಇಲ್ಲಿಗೇ ನಾನು ಕಾಯುತ್ತಿದ್ದದ್ದು. ಮೇಷ್ಟ್ರು ಹಾಡು ಹಾಕುವಾಗ ಮಾತ್ರ, ಬ್ಯಾಟರಿ ಇಳಿಯಬಾರದೆಂದು ಎಂಜಿನ್ ಓಡಿಸುತ್ತಿದ್ದರು. ಪೈಪು ಸಿಕ್ಕಿಸದೆ ಕೀ ತಿರುಗಿಸಿದವರಲ್ಲ. ನಾಲ್ಕಕ್ಕೆ ಸದ್ದಾಗಿದ್ದರೆ ನಾಲ್ಕಕ್ಕೆ ಅವರು ಬದುಕಿದ್ದರು. ಯಾರೋ ಪೈಪು ಕಿತ್ತದ್ದು ಅದಾದ ಮೇಲೆ. ಆಗ ಈತ ಗೋಡೆಯ ಆಚೆಯಿದ್ದ. ಸದ್ದೇ ಆಗಿಲ್ಲವೆಂದರೆ, ಮೂರೂವರೆಯ ಮೇಲೆ ಅವರು ಎಚ್ಚರವಿದ್ದರೆನ್ನಲು ಈತನ ಮಾತು ಬಿಟ್ಟು ಬೇರೆ ಪುರಾವೆಯಿಲ್ಲ; ಈತ ಹೊರಡುವ ಮೊದಲೇ ಎಂಜಿನ್ ಓಡುತ್ತಿತ್ತು. ಪೈಪು ಕಿತ್ತು, ಶಟರು ಎಳೆದು, ಚಹಾ ಕುಡಿಯಲು ಹೋಗಿದ್ದಾನೆ.

"ತಂತಿ ಉಲ್ಟಾ ಇತ್ತು," ಎಂದೆ. "ಎಡಗಡೆ ಪೆಟ್ಟಿಗೇದು. ಉಲ್ಟಾ ಇದ್ದಾಗ ಹಾಡು ಹಾಕಿ, ನಾನೇ ಈಗ ಕೇಳಿ ಬಂದೆ. ಗುಮ್ ಅನ್ನಲ್ಲ."

ಆತ ಮಾತಾಡಲಿಲ್ಲ.

ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿ ನಾನು ಕಲಿತದ್ದು ಕಡಿಮೆ, ಆದರೆ ಮಾತು ನಿಂತಾಗ ಕಿವಿ ತೆರೆಯುವುದನ್ನು ಕಲಿತಿದ್ದೇನೆ. ಸಿಕ್ಕಿಬಿದ್ದವರು ಸುಮ್ಮನಾದಾಗ ಕಣ್ಣು ಬಾಗಿಲ ಕಡೆ ಹೋಗುತ್ತದೆ, ಇಲ್ಲವೇ ನನ್ನ ಕಡೆ. ಈತನ ಕಣ್ಣು ತನ್ನದೇ ಕೈಗಳ ಮೇಲಿತ್ತು. ಎರಡು ಬೆರಳುಗಳಿಂದ ಗಾಳಿಯಲ್ಲಿ ಎರಡು ತಂತಿ ಹಿಡಿದು, ಅತ್ತಿತ್ತ ಮಾಡುತ್ತಿದ್ದ. ಲೆಕ್ಕ ತಪ್ಪಿದ ಕೆಲಸಗಾರನ ಮೌನ ಅದು.

"ಉಲ್ಟಾ ಇತ್ತಾ?" ಎಂದ ಕೊನೆಗೆ. "ಸರಿ, ಡಾಕ್ಟರು ಬಂದಿರ್ಲಿಲ್ಲ, ಇರಬೇಕಾದ್ದೇ. ಆದ್ರೆ ಗೋಡೆ ಗುಮ್ ಅಂತಲ್ಲ ಮೇಡಂ?"

"ಅಂತು ಅಂತ ನೀವು ಹೇಳ್ತೀರಿ."

"ಮಂಗಳವಾರ ಸಂಜೇನೇ ಹೇಳಿದ್ದೀನಿ. ಹೆಣ ಎತ್ತೋಕೆ ಮೊದಲು, ಎಲ್ಲರೆದುರಿಗೆ. 'ನಾಲ್ಕು ಗಂಟೆಗೆ ಹಾಡು ಹಾಕಿದ್ರಲ್ಲಪ್ಪ, ಚೆನ್ನಾಗಿದ್ರಲ್ಲಪ್ಪ' ಅಂತ ಬಡ್ಕೊಂಡೆ. ಹುಡುಗಿ ಪಕ್ಕದಲ್ಲೇ ನಿಂತಿದ್ಲು, ಕೇಳಿ ಅವಳನ್ನ. ತಂತಿ ಉಲ್ಟಾ ಇದ್ದ ಗಾಡಿ ಗುಮ್ ಅಂತು ಅಂತ ಸುಳ್ಳು ಹೇಳೋಕೆ ನಾನೇನು ನಿನ್ನೆ ಮೊನ್ನೆ ಈ ಕೆಲಸಕ್ಕೆ ಸೇರಿದವನಾ? ಸುಳ್ಳು ಹೇಳ್ಬೇಕು ಅಂದಿದ್ರೆ ತಂತೀನೂ ಸರಿ ಮಾಡಿಟ್ಟು ಹೋಗ್ತಿದ್ದೆ."

ಅದು ನನಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು.

"ಬೆರಳಿಗೇನಾಯ್ತು?"

"ನೀವೇ ಬರೆದಿದ್ದೀರಲ್ಲ, ಪೈಪಿನ ಕ್ಲಿಪ್ಪು ಕೀಳುವಾಗ ಆಗಿರಬಹುದಾದ ಗಾಯ ಅಂತ."

"ನೀವು ಹೇಳಿ."

"ಗಾಜು. ಚಹಾ ಅಂಗಡಿಯ ಬಿಸ್ಕತ್ತಿನ ಜಾಡಿ. ಶೆಲ್ಫಿನ ಮೇಲಿಂದ ನಡ್ಕೊಂಡು ಬಂದು ತುದೀಗೆ ನಿಂತ್ಕೊಂತು. ಹಿಡಿಯೋಕೆ ಹೋದೆ. ನನ್ ಕೈಲೇ ಒಡೀತು. ಪಕ್ಕದ ದವಾಖಾನೇಲಿ ಕಟ್ಟಿಸ್ಕೊಂಡು ಮತ್ತೆ ಬಂದು ಕೂತೆ."

"ಜಾಡಿ ಯಾಕೆ ನಡೆದು ಬಂತು?"

ಆತ ನನ್ನನ್ನು ದಡ್ಡ ಮಗುವನ್ನು ನೋಡುವ ಹಾಗೆ ನೋಡಿದ. "ಗೋಡೆ ಗುಮ್ ಅಂತು ಅಂದ್ನಲ್ಲ ಮೇಡಂ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳ್ದೆ. ನಿಮ್ಮ ದಫೇದಾರ್ರು 'ಗಾಯ ಚಿಕ್ಕದು' ಅಂತ ಬರ್ಕೊಂಡ್ರು. ಜಾಡಿ ದೊಡ್ಡದಿತ್ತು, ಅದನ್ನ ಬರ್ಕೊಳ್ಳಲಿಲ್ಲ."

ಬಾಗಿಲಲ್ಲಿ ನಿಂತಿದ್ದ ದಫೇದಾರರು ಗಂಟಲು ಸರಿಮಾಡಿಕೊಂಡರು.

*

ಚಹಾ ಅಂಗಡಿಯಾಕೆ ಒಲೆಯಿಂದ ಕಣ್ಣು ತೆಗೆಯಲಿಲ್ಲ.

"ಮೊನ್ನೆ ಬಂದು ಏನು ಕೇಳಿದ್ರಿ? ಮಂಗಳವಾರ ಸದ್ದು ಬಂತಾ ಅಂತ. ದಿನಾ ಬರುತ್ತೆ, ಯಾವತ್ತು ಅಂತ ಹೇಳ್ಲಿ ಅಂದೆ. ಜಾಡಿ ಯಾವತ್ತು ಒಡೀತು ಅಂತ ಕೇಳಿದ್ರಾ? ಕೇಳಿದ್ರೆ ಹೇಳ್ತಿದ್ದೆ."

"ಈಗ ಕೇಳ್ತೀನಿ ಅಕ್ಕ. ಯಾವತ್ತು?"

"ಮಂಗಳವಾರ. ಹೊಸ ಜಾಡಿ. ರೇಡಿಯೋದಲ್ಲಿ ನಾಲ್ಕು ಗಂಟೆ ವಾರ್ತೆ ಶುರುವಾಗಿತ್ತು, ಆ ಹೆಂಗಸು ನಮಸ್ಕಾರ ಅಂದ್ಲು, ಗೋಡೆ ಗುಮ್ ಅಂತು, ಜಾಡಿ ಹೊರಟುಬಿಡ್ತು. ಆ ಉದ್ದನೆ ಮನುಷ್ಯ ಹಾರಿ ಹಿಡಿದ. ನನ್ನ ಯಜಮಾನರಾಗಿದ್ರೆ ಬೀಳೋದನ್ನ ನೋಡ್ತಾ ಕೂತಿರ್ತಿದ್ರು."

ಶೆಲ್ಫು ವರ್ಕ್‌ಶಾಪಿನ ಗೋಡೆಗೇ ಬಡಿದಿತ್ತು. ಉಳಿದ ಜಾಡಿಗಳ ಅಡಿಯಲ್ಲಿ ಮಡಚಿದ ಬಟ್ಟೆ. ತುದಿಯ ಜಾಡಿಯ ಜಾಗದಲ್ಲಿ ಧೂಳಿಲ್ಲದ ಒಂದು ದುಂಡು ಗುರುತು.

ಎರಡು ಬಾಗಿಲು ಆಚೆಗೆ ಒಂದು ಪುಟ್ಟ ದವಾಖಾನೆ. ನರ್ಸು ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದಳು. ಮಂಗಳವಾರ, ನಾಲ್ಕು ಹತ್ತು. ಗಂಡಸು. ಬಲ ತೋರುಬೆರಳು, ಗಾಜಿನ ಗಾಯ. ಅಕ್ಷರ ದುಂಡಗಿತ್ತು, ಅನುಮಾನಕ್ಕೆ ಎಡೆಯಿಲ್ಲದಷ್ಟು.

ಗಂಟೆ ಮೂರೂಕಾಲು. ಬೀದಿ ಸುತ್ತಿ ವರ್ಕ್‌ಶಾಪಿನ ಮುಂಬಾಗಿಲ ಕಡೆ ನಡೆದೆ.

ನಾಲ್ಕು ಗಂಟೆಗೆ ಸದ್ದಾಗಿದೆ. ಅಂದರೆ ನಾಲ್ಕು ಗಂಟೆಗೆ ತಂತಿ ಸರಿಯಾಗಿತ್ತು. ಬುಧವಾರ ಬೆಳಿಗ್ಗೆ ಫೋಟೋದಲ್ಲಿ ಉಲ್ಟಾ ಇತ್ತು. ನಡುವೆ ಯಾರೋ ಟೇಪು ಬಿಚ್ಚಿ, ತಂತಿ ಅದಲುಬದಲು ಮಾಡಿ, ಮತ್ತೆ ಟೇಪು ಸುತ್ತಿದ್ದಾರೆ. ಹಾಗೆ ಮಾಡಿದರೆ ಯಾರು ಸುಳ್ಳುಗಾರನಾಗುತ್ತಾನೆಂದು ಗೊತ್ತಿದ್ದವರು. ಮೇಷ್ಟ್ರ ಆ ಆಟ ತಿಳಿದಿದ್ದವರು ಮೂರೇ ಜನ. ಒಬ್ಬರು ಸತ್ತಿದ್ದರು. ಇನ್ನೊಬ್ಬನಿಗೆ ಅದರಿಂದ ಉರುಳೇ ಹೊರತು ಲಾಭವಿರಲಿಲ್ಲ.

ಮೂರನೆಯವರ ಬಗ್ಗೆ ಯೋಚಿಸಲು ನನಗೆ ಇಷ್ಟವಿರಲಿಲ್ಲ. ಎರಡು ದಿನದಿಂದ ಅವಳ ಮಾತಿನ ಮೇಲೇ ನಾನು ನಡೆದಿದ್ದೆ. ತಂತಿ ಕೊಳ್ಳಲು ಯಾವ ಅಂಗಡಿಗೆ ಹೋಗಿದ್ದೆ ಅಂತ ಕೂಡ ಕೇಳಿರಲಿಲ್ಲ. ತಂದೆಯನ್ನು ಕಳೆದುಕೊಂಡ ಹುಡುಗಿ, ಅತ್ತಿರಲಿಲ್ಲ. ಅಳದವರನ್ನು ಕಂಡರೆ ಮೊದಲಿನಿಂದಲೂ ನನ್ನ ಮನಸ್ಸು ಮೆತ್ತಗಾಗುತ್ತದೆ.

*

ಅವಳು ಕೆಲಸದ ಬೆಂಚಿನ ಮೇಲೆ ಕೂತು ಬಟ್ಟೆಯಿಂದ ಪಾನಾಗಳನ್ನು ಒರೆಸುತ್ತಿದ್ದಳು. ಒಂದೊಂದಾಗಿ, ಗಾತ್ರದ ಪ್ರಕಾರ.

"ಕಳಿಸಿದ್ರಾ ಕೋರ್ಟಿಗೆ?"

"ಇನ್ನೂ ಇಲ್ಲ."

"ಯಾಕೆ?"

"ಕಾಗದ ಬರೀಬೇಕು." ಹಣೆ ಒರೆಸಲು ಹೋದಾಗ ಕನ್ನಡಕ ಮತ್ತೆ ಜಾರಿ, ಕೈಗೆ ಬಿತ್ತು. ಕಡ್ಡಿ ಪೂರ್ತಿ ಬೇರೆಯಾಗಿತ್ತು.

"ನೋಡಿ, ಆಗಲೇ ಕೊಡಿ ಅಂದೆ." ನನ್ನ ಕೈಯಿಂದ ತೆಗೆದುಕೊಂಡಳು. "ಕೂತ್ಕೊಳ್ಳಿ. ಊಟ ಮಾಡಿದ್ರಾ?"

"ಇಲ್ಲ."

"ಮುಖ ನೋಡಿದ್ರೇ ಗೊತ್ತಾಗುತ್ತೆ. ನಮ್ಮಪ್ಪನೂ ಹೀಗೇ. ಕೆಲಸ ಅಂದ್ರೆ ಹೊಟ್ಟೆ ಮರೆತುಹೋಗೋದು."

ಡ್ರಾಯರಿನಿಂದ ಕಪ್ಪು ಟೇಪು ತೆಗೆದಳು. ಹಲ್ಲಿನಿಂದ ತುಂಡರಿಸಿ, ಕಡ್ಡಿಯನ್ನು ಕೀಲಿಗೆ ಒತ್ತಿಹಿಡಿದು ಸುತ್ತತೊಡಗಿದಳು. ಸಣ್ಣ ಬೆರಳುಗಳು, ಗಡಿಬಿಡಿಯಿಲ್ಲ. ಮೂರು ಸುತ್ತು. ನಾಲ್ಕನೆಯದರ ಕೊನೆಯಲ್ಲಿ ನಿಲ್ಲಿಸಿ, ಟೇಪಿನ ತುದಿಯನ್ನು ಒಳಕ್ಕೆ ಮಡಚಿ ಅಂಟಿಸಿದಳು.

ಕನ್ನಡಕವಿಲ್ಲದ ಕಣ್ಣಿಗೂ ಅದು ಕಂಡಿತು.

"ಆ ತುದಿ," ಎಂದೆ. "ಯಾಕೆ ಹಾಗೆ ಮಡಚಿದೆ?"

"ಕನ್ನಡಕದ ಅಂಗಡಿಯೋನು ಬಿಚ್ಚಬೇಕಲ್ಲ ಮೇಡಂ. ಇಲ್ಲಾಂದ್ರೆ ಉಗುರು ಹಾಕಿ ಕೆರೀಬೇಕು, ಅಂಟೆಲ್ಲ ಮೆತ್ಕೊಳ್ಳುತ್ತೆ."

"ನಿಮ್ಮಪ್ಪ ಹೇಳಿಕೊಟ್ಟದ್ದಾ?"

"ಅಪ್ಪನಾ!" ನಕ್ಕಳು. ಈ ಸಲ ನಗು ಪೂರ್ತಿ ಬಂತು. "ಅಪ್ಪನಿಗೆ ಇದು ಕಂಡ್ರೇ ಆಗ್ತಿರ್ಲಿಲ್ಲ. 'ನಾವು ಸುತ್ತಿದ್ದನ್ನ ಬಿಚ್ಚೋಕೆ ನಾವೇ ದಾರಿ ತೋರಿಸ್ಬೇಕೇನೇ' ಅಂತ ಬೈತಿದ್ರು. ಅವರೂ ಮಾವನೂ ತುದಿ ಎಳೆದು ನುಣ್ಣಗೆ ಅಂಟಿಸೋರು. ಇದು ನಂದೇ ಅಭ್ಯಾಸ."

ಡಿಕ್ಕಿ ಇನ್ನೂ ತೆರೆದೇ ಇತ್ತು. ಎದ್ದು ಹೋಗಿ, ನಾನು ಮುಟ್ಟದೆ ಬಿಟ್ಟಿದ್ದ ಬಲಗಡೆ ಪೆಟ್ಟಿಗೆಯ ಹಿಂದೆ ಕೈಯಾಡಿಸಿದೆ. ಟೇಪು ನುಣ್ಣಗಿತ್ತು. ತುದಿ ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗಲಿಲ್ಲ.

ಚೀಲದೊಳಗಿನ ಕಾಗದದ ಕವರು ಇದ್ದಕ್ಕಿದ್ದಂತೆ ಭಾರವೆನ್ನಿಸಿತು.

ತಂತಿ ತಿರುಗಿಸಿದ್ದು ಇವಳು. ಮಾವನೇ ಕೊಂದನೆಂದು ನಂಬಿ, ಅವನು ತಪ್ಪಿಸಿಕೊಳ್ಳದಿರಲೆಂದು ತಿರುಗಿಸಿದಳೋ, ಇಲ್ಲ, ನಾಲ್ಕು ಗಂಟೆಗೆ ಈ ಗೋಡೆಯ ಈಚೆ ಯಾರು ನಿಂತಿದ್ದರೆಂದು ಅವಳಿಗೇ ಚೆನ್ನಾಗಿ ಗೊತ್ತಿತ್ತೋ? ಗಾಡಿಯವರ ಎದುರಿಗಲ್ಲದೆ ಆ ತಂತಿ ಸರಿ ಮಾಡದ ಮೇಷ್ಟ್ರು, ಅವತ್ತು ಯಾರ ಮುಖ ನೋಡಲು ಅದನ್ನು ಸರಿ ಮಾಡಿದರು? ಅಥವಾ, ಹತ್ತು ವರ್ಷದ ಮೇಲೆ, ಯಾರ ಕೈಗೆ ಕೊಟ್ಟರು?

ಫೋನು ಬಡಿದುಕೊಂಡಿತು. ದಫೇದಾರರು.

"ಮೇಡಂ, ವ್ಯಾನು ತಯಾರಿದೆ. ಆತನ ಹೆಂಡತಿ ವ್ಯಾನಿನ ಮುಂದೆ ಕೂತುಬಿಟ್ಟಿದ್ದಾಳೆ, ಏಳ್ತಿಲ್ಲ. ಇನ್ನು ಇಪ್ಪತ್ತು ನಿಮಿಷ. ಕಾಗದದಲ್ಲಿ ಆತನ ಹೆಸರೇ ಬರೀಲಾ?"

ಮೇಷ್ಟ್ರ ಮಗಳು ಎದ್ದು ನನ್ನ ಎದುರು ಬಂದು ನಿಂತಿದ್ದಳು. ತಾಯಿ ಮಗುವಿಗೆ ಹಾಕುವ ಹಾಗೆ, ಎರಡೂ ಕೈಯಿಂದ ಕನ್ನಡಕವನ್ನು ನನ್ನ ಮೂಗಿನ ಮೇಲೆ ಕೂರಿಸಿದಳು. ಮಡಚಿದ ಆ ತುದಿ ಕೆನ್ನೆಯ ಮೇಲ್ಗಡೆ ಚುಚ್ಚಿತು. ಅವಳ ಮುಖ ಮೊದಲ ಸಲ ಸ್ಪಷ್ಟವಾಗಿ, ತೀರ ಹತ್ತಿರದಲ್ಲಿ ಕಂಡಿತು. ಅವಳ ಕಣ್ಣು ನನ್ನ ಕಣ್ಣಿನ ಮೇಲಿರಲಿಲ್ಲ. ನಾನು ಚೀಲವನ್ನು ಒತ್ತಿ ಹಿಡಿದಿದ್ದ ಕೈಯ ಮೇಲಿತ್ತು.

"ಮೇಡಂ? ಕೇಳಿಸ್ತಿದೆಯಾ?" ಎಂದರು ದಫೇದಾರರು.

"ಬಿಗಿಯಾಯ್ತಾ ಮೇಡಂ?" ಎಂದಳು ಅವಳು, ಮೆಲ್ಲಗೆ. ಒಂದು ಕೈ ಹಿಂದಕ್ಕೆ ಚಾಚಿ, ನನ್ನಿಂದ ಕಣ್ಣು ಕೀಳದೆ, ಶಟರು ಇಳಿಸುವ ಸರಪಳಿ ಹಿಡಿದುಕೊಂಡಳು.